ಕ್ರೈಸ್ತ ಯುವಜನ ಸೇವೆ: ಮೈಸೂರು ಸೀಮೆಯಲ್ಲಿ ನೇತೃತ್ವ ಮತ್ತು ಮೌಲ್ಯಮಾಪನ

ಹದಿಹರೆಯದವರನ್ನೂ ಮದುವೆಯಾಗದ ತರುಣ ತರುಣಿಯರನ್ನೂ ಕಲೆಹಾಕಿ, ಅವರ ನಂಬಿಕೆ, ನಡತೆ, ಓದು, ದುಡಿಮೆಗಳಲ್ಲಿ ಜೊತೆ ನಿಲ್ಲಲು ಚರ್ಚು ನಡೆಸುವ ಕೆಲಸವನ್ನು ಕ್ರೈಸ್ತ ಯುವಜನ ಸೇವೆ ಎನ್ನುತ್ತಾರೆ. ಕಥೋಲಿಕರಲ್ಲಿ ‘ಯುವಜನ’ ಎಂಬ ಮಾತು ಬಳಕೆಯಲ್ಲಿದ್ದರೆ ಪ್ರಾಟೆಸ್ಟೆಂಟ್ ಸಭೆಗಳಲ್ಲಿ ‘ಯೌವನಸ್ಥರ ಕೂಟ’ ಎನ್ನುವುದು ರೂಢಿ. ಮಾತಿಗೆ ಕೂತಾಗ ಇಬ್ಬರೂ ‘ಯೂತ್’ ಎಂದೇ ಮುಗಿಸುತ್ತಾರೆ. ಭಾರತ ಸರ್ಕಾರದ 2014ರ ರಾಷ್ಟ್ರೀಯ ಯುವ ನೀತಿ 15ರಿಂದ 29 ವರ್ಷದವರನ್ನು ಯುವಜನರೆಂದು ಎಣಿಸುತ್ತದೆ. ಹಳ್ಳಿಯ ಕೂಟಗಳಲ್ಲಿ ಈ ಗೆರೆ ಅಷ್ಟು ಬಿಗಿಯಲ್ಲ. ಏಳನೇ ತರಗತಿ ದಾಟಿದ ಹುಡುಗ ಅಣ್ಣನ ಬೆನ್ನು ಹಿಡಿದು ಬರುತ್ತಾನೆ. ಹೆಣ್ಣುಮಕ್ಕಳ ಹೆಸರು ಮದುವೆಯಾದ ದಿನವೇ ಪಟ್ಟಿಯಿಂದ ಬಿಟ್ಟುಹೋಗುತ್ತದೆ.

ಈ ಸೇವೆಯನ್ನು ಮುನ್ನಡೆಸುವುದು ಹೇಗೆ, ಅದು ಚೆನ್ನಾಗಿ ನಡೆದಿದೆಯೋ ಇಲ್ಲವೋ ಎಂದು ತೂಗುವುದು ಹೇಗೆ ಎಂಬ ಎರಡು ಪ್ರಶ್ನೆಗಳನ್ನು ಮೈಸೂರು ಜಿಲ್ಲೆಯ ಪಶ್ಚಿಮದ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ (ಕೋಟೆ) ಸೀಮೆಯನ್ನು ಮುಂದಿಟ್ಟುಕೊಂಡು ಇಲ್ಲಿ ನೋಡಲಾಗಿದೆ. ನಾಗರಹೊಳೆ ಕಾಡಿನ ಬಾಗಿಲಲ್ಲಿರುವ ವೀರನಹೊಸಹಳ್ಳಿಯನ್ನು ಹೊರಗಿನವರು ಬಲ್ಲದ್ದು ದಸರಾ ಆನೆಗಳ ಗಜಪಯಣ ಹೊರಡುವ ಊರೆಂದು. ಅಲ್ಲಿಯ ಸುತ್ತಿನ ಬದುಕು ಮಾತ್ರ ಹೊಗೆಸೊಪ್ಪಿನ ಹೊಲ, ಜೇನುಕುರುಬರ ಹಾಡಿ, ಕೊಡಗಿನ ಕಾಫಿ ತೋಟದ ಕೂಲಿ, ಕತ್ತಲಾದರೆ ಆನೆಯ ಭಯ ಇವುಗಳ ನಡುವೆ ಸಾಗುತ್ತದೆ. 2011ರ ಜನಗಣತಿಯಂತೆ ಕರ್ನಾಟಕದಲ್ಲಿ ಕ್ರೈಸ್ತರು ಶೇ. 1.87, ಅಂದರೆ ಸುಮಾರು 11.4 ಲಕ್ಷ. ಅವರಲ್ಲಿ ಹೆಚ್ಚಿನವರು ಬೆಂಗಳೂರು ಮತ್ತು ಕರಾವಳಿಯಲ್ಲಿದ್ದಾರೆ. ಈ ತಾಲ್ಲೂಕುಗಳಲ್ಲಿ ಕ್ರೈಸ್ತ ಕುಟುಂಬಗಳು ಚದುರಿವೆ. ನೂರಾರು ಯುವಕರು ಸೇರುವ ನಗರದ ಚರ್ಚಿಗಾಗಿ ಬರೆದ ಕೈಪಿಡಿಯನ್ನು ಇಲ್ಲಿಗೆ ತಂದರೆ ಅದರ ಅರ್ಧ ಪುಟ ಉಪಯೋಗಕ್ಕೆ ಬರುವುದಿಲ್ಲ.

ಹಿನ್ನೆಲೆ

ಮೈಸೂರು ಸೀಮೆಗೆ ಕ್ರೈಸ್ತ ಧರ್ಮ ಬಂದದ್ದು 17ನೇ ಶತಮಾನದ ನಡುವಿನಲ್ಲಿ, ಶ್ರೀರಂಗಪಟ್ಟಣಕ್ಕೆ ಬಂದ ಇಟಲಿಯ ಜೆಸ್ವಿತ್ ಗುರು ಲಿಯೊನಾರ್ಡೊ ಚಿನ್ನಮಿಯವರ ಮೂಲಕ. ಟಿಪ್ಪುವಿನ ಕಾಲ ಮುಗಿದ ಮೇಲೆ ಫ್ರೆಂಚ್ ಗುರು ಅಬ್ಬೆ ದುಬೊಯ್ ಇಲ್ಲಿಯ ಕ್ರೈಸ್ತರನ್ನು ಮತ್ತೆ ಕೂಡಿಸಿದರು; 1823ರಲ್ಲಿ ಅವರು ಫ್ರಾನ್ಸಿಗೆ ಹಿಂದಿರುಗಿದರು. ಮೈಸೂರು 1886ರಲ್ಲಿ ಕಥೋಲಿಕ ಧರ್ಮಪ್ರಾಂತ್ಯವಾಯಿತು, 1940ರಲ್ಲಿ ಬೆಂಗಳೂರು ಅದರಿಂದ ಬೇರೆಯಾಯಿತು. ಮೈಸೂರು ನಗರದ ಸಂತ ಫಿಲೋಮಿನಾ ಪ್ರಧಾನಾಲಯ ಎಲ್ಲರಿಗೂ ಗೊತ್ತು. ಆದರೆ ಈ ಸೀಮೆಯ ಹಳ್ಳಿಗರ ಬಾಯಲ್ಲಿ ಹೆಚ್ಚು ಬರುವ ಹೆಸರು ಕೃಷ್ಣರಾಜನಗರ ಕಡೆಯ ಡೋರ್ನಹಳ್ಳಿ. ರೈತನೊಬ್ಬ ಹೊಲ ಉಳುವಾಗ ಸಿಕ್ಕಿತೆಂದು ಹೇಳುವ ಮರದ ವಿಗ್ರಹದ ಸುತ್ತ ಬೆಳೆದ ಸಂತ ಅಂತೋಣಿಯವರ ಈ ಕ್ಷೇತ್ರ 2019ರಲ್ಲಿ ಕಿರು ಬಸಿಲಿಕದ ಮನ್ನಣೆ ಪಡೆಯಿತು. ಜೂನ್ 13ರ ಹಬ್ಬಕ್ಕೆ ಜಾತಿ ಧರ್ಮ ನೋಡದೆ ಜನ ಬರುತ್ತಾರೆ.

ಪ್ರಾಟೆಸ್ಟೆಂಟರ ಕಡೆ ಮೆಥಡಿಸ್ಟರ ವೆಸ್ಲಿಯನ್ ಮಿಷನ್ 19ನೇ ಶತಮಾನದಲ್ಲಿ ಮೈಸೂರಿನಲ್ಲಿ ಶಾಲೆ ಮತ್ತು ಮುದ್ರಣಾಲಯ ತೆರೆಯಿತು. 1887ರಲ್ಲಿ ಶುರುವಾದ ‘ವೃತ್ತಾಂತ ಪತ್ರಿಕೆ’ ಅದರದೇ. 1947ರ ಸೆಪ್ಟೆಂಬರ್ 27ರಂದು ದಕ್ಷಿಣ ಭಾರತ ಸಭೆ (ಸಿಎಸ್‌ಐ) ರೂಪುಗೊಂಡಾಗ ಈ ಮೆಥಡಿಸ್ಟ್ ಸಭೆಗಳು ಅದರಲ್ಲಿ ಸೇರಿದವು. ಈಗ ಮೈಸೂರು ಭಾಗದ ಸಿಎಸ್‌ಐ ಸಭೆಗಳು ಮಂಗಳೂರಿನಲ್ಲಿ ಕಚೇರಿಯಿರುವ ಕರ್ನಾಟಕ ದಕ್ಷಿಣ ಸಭಾಪ್ರಾಂತಕ್ಕೆ ಸೇರಿವೆ.

ಯುವಜನರಿಗಾಗಿಯೇ ಸಂಘಟನೆ ಕಟ್ಟುವುದು ಕೈಗಾರಿಕಾ ಯುಗದ ನಗರಗಳಲ್ಲಿ ಹುಟ್ಟಿದ ಆಲೋಚನೆ. ರಾಬರ್ಟ್ ರೈಕ್ಸ್ 1780ರಲ್ಲಿ ಇಂಗ್ಲೆಂಡಿನ ಗ್ಲಾಸ್ಟರಿನಲ್ಲಿ ಭಾನುವಾರ ಶಾಲೆ ಶುರುಮಾಡಿದ್ದು ವಾರದ ಆರು ದಿನ ಕೆಲಸದಲ್ಲಿ ಸವೆಯುತ್ತಿದ್ದ ಮಕ್ಕಳಿಗೆ ಓದು ಕಲಿಸಲು. 1841ರಲ್ಲಿ ಟ್ಯೂರಿನ್ನಿನ ಡಾನ್ ಬೋಸ್ಕೊ ಕೂಲಿಗೆಂದು ಪಟ್ಟಣ ಸೇರಿದ ಹುಡುಗರನ್ನು ಆಟದಂಗಳಕ್ಕೆ ಕರೆತಂದರು. 1844ರಲ್ಲಿ ಲಂಡನ್ನಿನ ಬಟ್ಟೆ ಅಂಗಡಿಯ ನೌಕರ ಜಾರ್ಜ್ ವಿಲಿಯಮ್ಸ್ ತನ್ನಂಥ ನೌಕರರನ್ನು ಕೂಡಿಸಿ ವೈಎಂಸಿಎ ಕಟ್ಟಿದರು. ಮೂವರೂ ಮೊದಲು ಕಂಡದ್ದು ದುಡಿಮೆಗೆ ಬಿದ್ದ ಎಳೆಯರನ್ನು. ಹುಣಸೂರು, ಕೋಟೆ ತಾಲ್ಲೂಕುಗಳ ಯುವಕರ ಪಾಡು ಇಂದಿಗೂ ಅದಕ್ಕೆ ಹತ್ತಿರ.

ಭಾರತದಲ್ಲಿ ಸ್ಟೂಡೆಂಟ್ ಕ್ರಿಶ್ಚಿಯನ್ ಮೂವ್‌ಮೆಂಟ್ 1912ರಲ್ಲಿ, ಕಥೋಲಿಕ ವಿದ್ಯಾರ್ಥಿಗಳ ಐಕಫ್ 1924ರಲ್ಲಿ, ಸುವಾರ್ತಾ ಒಲವಿನ ಯುಇಎಸ್‌ಐ 1954ರಲ್ಲಿ ಹುಟ್ಟಿದವು. ಇವು ಕಾಲೇಜಿನ ಸುತ್ತ ಬೆಳೆದವು. ಧರ್ಮಕೇಂದ್ರಗಳ ಮಟ್ಟದಲ್ಲಿ ಕಥೋಲಿಕ ಯುವಜನರನ್ನು ಕೂಡಿಸುವುದು ಐಸಿವೈಎಂ. ಬೆಲ್ಜಿಯಮ್ಮಿನ ಗುರು ಜೋಸೆಫ್ ಕಾರ್ಡೈನ್ ಯುವ ಕಾರ್ಮಿಕರ ಚಳವಳಿಯಲ್ಲಿ ಬೆಳೆಸಿದ ‘ನೋಡು, ತೂಗು, ಮಾಡು’ ಎಂಬ ವಿಧಾನವನ್ನು 1961ರಲ್ಲಿ ಪೋಪ್ 23ನೇ ಜಾನ್ ತಮ್ಮ ವಿಶ್ವಪತ್ರದಲ್ಲಿ ಒಪ್ಪಿದರು. ಯುವಜನರ ಕುರಿತು 2018ರ ಅಕ್ಟೋಬರಿನಲ್ಲಿ ರೋಮಿನಲ್ಲಿ ನಡೆದ ಬಿಷಪ್‌ಗಳ ಸಭೆಯ ಫಲವಾಗಿ ಪೋಪ್ ಫ್ರಾನ್ಸಿಸ್ 2019ರ ಮಾರ್ಚ್‌ನಲ್ಲಿ ‘ಕ್ರಿಸ್ತುಸ್ ವೀವಿತ್’ ಪತ್ರಕ್ಕೆ ಸಹಿ ಹಾಕಿದರು. ಸಂಸ್ಥೆಯ ವೇಳಾಪಟ್ಟಿಗೆ ಯುವಕರನ್ನು ಎಳೆಯುವ ಬದಲು ಅವರ ಹೊತ್ತು, ಅವರ ಜಾಗ, ಅವರೊಳಗಿಂದಲೇ ಎದ್ದ ನಾಯಕರನ್ನು ನಂಬಬೇಕೆಂಬ ವಿಚಾರ ಅದರಲ್ಲಿದೆ. ಈ ಸೀಮೆಗೆ ಇದಕ್ಕಿಂತ ಹತ್ತಿರದ ಮಾತು ಆ ಪತ್ರದಲ್ಲಿ ಬೇರೊಂದಿಲ್ಲ.

ಹಾಜರಿ ಪುಸ್ತಕ

ಮೆಥಡಿಸ್ಟ್ ಪರಂಪರೆಯಲ್ಲಿ ಮೌಲ್ಯಮಾಪನದ ಮೂಲ ಒಂದು ಸಾಲದ ಲೆಕ್ಕದಲ್ಲಿದೆ. 1742ರಲ್ಲಿ ಬ್ರಿಸ್ಟಲಿನ ಪ್ರಾರ್ಥನಾ ಮಂದಿರದ ಸಾಲ ತೀರಿಸಲು ಪ್ರತಿ ಸದಸ್ಯ ವಾರಕ್ಕೊಂದು ಪೆನ್ನಿ ಕೊಡಬೇಕೆಂದಾಯಿತು. ಹನ್ನೊಂದು ಜನರ ಹಣ ಕೂಡಿಸುವ ಹೊಣೆ ಒಬ್ಬನಿಗೆ ಬಿತ್ತು. ಕೊಡಲಾಗದವರ ಪಾಲನ್ನು ಅವನೇ ಹಾಕಬೇಕು. ಹಣಕ್ಕೆಂದು ಮನೆ ಮನೆಗೆ ಹೋದವರಿಗೆ ಅಲ್ಲಿಯ ಕುಡಿತ, ಜಗಳ, ಕಾಯಿಲೆ ಕಣ್ಣಿಗೆ ಬಿತ್ತು. ಅದನ್ನು ಕೇಳಿದ, ಈ ಪರಂಪರೆಯ ಮೂಲಪುರುಷ ಜಾನ್ ವೆಸ್ಲಿ ಈ ವಸೂಲಿದಾರರನ್ನೇ ‘ಕ್ಲಾಸ್ ಲೀಡರ್’ ಎಂಬ ಜೊತೆಗಾರರನ್ನಾಗಿ ಮಾಡಿದರು. ಅವರ ಕೈಯ ಪುಸ್ತಕ ತಲೆ ಎಣಿಸುವುದಕ್ಕಲ್ಲ, ಯಾರ ಮನೆಗೆ ಹೋಗಬೇಕೆಂದು ತಿಳಿಯುವುದಕ್ಕೆ ಎಂಬುದು ಆಗ ಹುಟ್ಟಿದ ತಿಳಿವಳಿಕೆ. ಕಾಲ ಸರಿದಂತೆ ಪುಸ್ತಕ ಉಳಿಯಿತು, ಮನೆಗೆ ಹೋಗುವುದು ಅಪರೂಪವಾಯಿತು.

ತಂಬಾಕು ಬೆಳೆಯುವ ಹಳ್ಳಿಯ ಯೌವನಸ್ಥರ ಕೂಟದ ಹಾಜರಿ ಪುಸ್ತಕ ಹೀಗಿರುತ್ತದೆ. ಏಪ್ರಿಲ್, ಮೇ ತಿಂಗಳ ಬೇಸಿಗೆ ಬೈಬಲ್ ಶಾಲೆಯ ಹೊತ್ತಿಗೆ ಪುಟ ತುಂಬಿರುತ್ತದೆ. ಜೂನಿನಲ್ಲಿ ಶಾಲೆ ಕಾಲೇಜು ತೆರೆದಾಗ ಸ್ವಲ್ಪ ಇಳಿಯುತ್ತದೆ. ಜುಲೈಯಿಂದ ಸೆಪ್ಟೆಂಬರ್‌ವರೆಗೆ ಗೈರು, ಗೈರು, ಗೈರು. ಆ ದಿನಗಳಲ್ಲಿ ಹಸಿ ಎಲೆಯನ್ನು ಕೋಲಿಗೆ ಕಟ್ಟಿ, ಸೊಪ್ಪು ಹದಮಾಡುವ ಬ್ಯಾರನ್ನಿನೊಳಗೆ ಏರಿಸುತ್ತಾರೆ. ಒಂದು ಬ್ಯಾರನ್ ಹದವಾಗಲು ಐದಾರು ದಿನ ಬೇಕು. ಉರಿ ಹೆಚ್ಚಾದರೆ ಸೊಪ್ಪು ಕಪ್ಪಾಗುತ್ತದೆ, ಕಡಿಮೆಯಾದರೆ ಬಣ್ಣ ಕೂಡುವುದಿಲ್ಲ. ರಾತ್ರಿ ಎದ್ದೆದ್ದು ಸೌದೆ ಹಾಕಿ ಥರ್ಮಾಮೀಟರ್ ನೋಡುವ ಕಾವಲು ಹೆಚ್ಚಾಗಿ ಮನೆಯ ಹರೆಯದ ಮಗನದೇ. ಭಾನುವಾರ ಸಂಜೆ ಏಕೆ ಬರಲಿಲ್ಲವೆಂದು ಕೇಳಿದರೆ “ಬ್ಯಾರನ್ ಕಾಯ್ತಿದ್ದೆ ಕಣಣ್ಣ, ಬರಕ್ಕಾಗ್ನಿಲ್ಲ” ಎನ್ನುತ್ತಾನೆ. ಆ ಮಾತಿನಲ್ಲಿ ನಂಬಿಕೆ ಕುಂದಿದ ಸುಳಿವಿಲ್ಲ. ಹಾಜರಿ ಶೇಕಡಾ ಎಷ್ಟಿಳಿಯಿತು ಎಂದಷ್ಟೇ ವರದಿಯಲ್ಲಿ ಬರೆಯುವ ಮುಖಂಡನಿಗೆ ಆ ಹುಡುಗ ಸೋಮಾರಿಯಾಗಿ ಕಾಣುತ್ತಾನೆ. ರಾತ್ರಿ ಒಂಬತ್ತಕ್ಕೆ ಬ್ಯಾರನ್ನಿನ ಬಳಿ ಹೋಗಿ ಉರಿಯ ಮುಂದೆ ಅರ್ಧ ಗಂಟೆ ಕೂತವನಿಗೆ ಮನೆಯ ಸಾಲ, ಪಿಯುಸಿ ಬಿಡುವ ಯೋಚನೆ, ಕೆಮ್ಮು, ಎಲ್ಲ ತಿಳಿಯುತ್ತದೆ. ಈ ಸೀಮೆಯಲ್ಲಿ ಯುವಜನ ಸೇವೆಯನ್ನು ತೂಗುವ ಮೊದಲ ಪ್ರಶ್ನೆ ಎಷ್ಟು ಜನ ಬಂದರು ಎಂಬುದಲ್ಲ. ಬಾರದವರು ಯಾರು, ಅವರ ಬಳಿಗೆ ಯಾರು ಹೋದರು ಎಂಬುದು.

ನೇತೃತ್ವ

ಸಿಎಸ್‌ಐ ಸಭೆಯಲ್ಲಿ ಅಯ್ಯನವರು, ಕಥೋಲಿಕ ಧರ್ಮಕೇಂದ್ರದಲ್ಲಿ ಫಾದರ್ ಯುವಜನ ಸೇವೆಗೆ ಹೊಣೆ. ಇಬ್ಬರಿಗೂ ಕೆಲವು ವರ್ಷಕ್ಕೊಮ್ಮೆ ವರ್ಗಾವಣೆ ಇರುತ್ತದೆ. ಗಿಟಾರ್ ಬಲ್ಲ ಉತ್ಸಾಹಿ ಗುರುಗಳು ಬಂದ ವರ್ಷ ಕೂಟ ಮೇಲೇಳುತ್ತದೆ, ಅವರು ಬೇರೆಡೆಗೆ ಹೋದ ತಿಂಗಳಲ್ಲೇ ಕುಸಿಯುತ್ತದೆ. ಆ ಕುಸಿತಕ್ಕೆ ಹೊಸದಾಗಿ ಬಂದವರನ್ನು ದೂರುವುದು ಸುಲಭ. ಆದರೆ ಹೋದವರು ಯಾರನ್ನು ತಯಾರು ಮಾಡಿದ್ದರು ಎಂದು ಮೊದಲು ಕೇಳಬೇಕು. ಕೂಟದ ನಡುಗಂಬ ಊರಿನವರೇ ಆದ ‘ಅಣ್ಣ’ ಒಬ್ಬ, ‘ಅಕ್ಕ’ ಒಬ್ಬಳು ಆಗಿರಬೇಕೆಂಬುದು ಅನುಭವದಿಂದ ಬಂದ ಸೂತ್ರ. ಒಬ್ಬ ಗಂಡು ಮುಖಂಡನಷ್ಟೇ ಇದ್ದಲ್ಲಿ ಹೆಣ್ಣುಮಕ್ಕಳು ಹಾಡಲು ಬರುತ್ತಾರೆ, ಮನಸ್ಸಿನ ಮಾತು ಆಡುವುದಿಲ್ಲ.

ಮುಖಂಡನ ಕೆಲಸದಲ್ಲಿ ವೇದಿಕೆಯ ಪಾಲು ಬಹಳ ಕಡಿಮೆ. ಸತ್ಯವೇದದ ಒಂದು ಭಾಗವನ್ನು ತಾನೇ ವಿವರಿಸಿ ಮುಗಿಸದೆ ಹತ್ತನೇ ತರಗತಿಯ ಹುಡುಗಿಯಿಂದ ಓದಿಸಿ ಪ್ರಶ್ನೆ ಕೇಳಿಸುವುದು, ಕ್ರಿಸ್‌ಮಸ್ ಕ್ಯಾರೆಲ್ಸ್ ತಂಡದ ಹಣವನ್ನು ಇನ್ನೊಬ್ಬನ ಕೈಲಿಟ್ಟು ಜಮಾಖರ್ಚು ಬರೆಸುವುದು, ಡೋರ್ನಹಳ್ಳಿ ಹಬ್ಬದ ನೂಕುನುಗ್ಗಲಿನಲ್ಲಿ ನೀರು ಕೊಡುವ ಸರದಿಯನ್ನು ಯುವಕರೇ ಹಂಚಿಕೊಳ್ಳುವಂತೆ ಬಿಡುವುದು: ಹೊಣೆ ಕೈ ಬದಲಾಗುವುದು ಇಂಥ ಸಣ್ಣ ಜಾಗಗಳಲ್ಲಿ. ಮಕ್ಕಳ ಭಾಗವಹಿಸುವಿಕೆಯನ್ನು ಎಂಟು ಮೆಟ್ಟಿಲ ಏಣಿಯಾಗಿ ರೋಜರ್ ಹಾರ್ಟ್ 1992ರಲ್ಲಿ ಯುನಿಸೆಫ್‌ಗಾಗಿ ವಿವರಿಸಿದರು. ದೊಡ್ಡವರು ಬರೆದುಕೊಟ್ಟದ್ದನ್ನು ಮಕ್ಕಳು ಒಪ್ಪಿಸುವುದು ಆ ಏಣಿಯ ಕೆಳಭಾಗ; ಮಕ್ಕಳೇ ಶುರುಮಾಡಿ ದೊಡ್ಡವರನ್ನು ಜೊತೆಗೆ ಕರೆದುಕೊಳ್ಳುವುದು ತುದಿ. ಯುವಜನ ಭಾನುವಾರದಂದು ಬಿಳಿ ಬಟ್ಟೆ ತೊಟ್ಟು ಸಾಲಾಗಿ ನಿಲ್ಲುವ ನಮ್ಮ ಎಷ್ಟೋ ಕಾರ್ಯಕ್ರಮಗಳು ಇನ್ನೂ ಕೆಳಗಿನ ಮೆಟ್ಟಿಲಲ್ಲಿವೆ.

ಹೊತ್ತಿನ ಆಯ್ಕೆಯೂ ನೇತೃತ್ವದ ಭಾಗವೇ. ಕಾಡಂಚಿನ ಊರುಗಳಲ್ಲಿ ಸಂಜೆ ಕೂಟ ಕತ್ತಲಿಗೆ ಮುಂಚೆ ಮುಗಿಯಬೇಕು. ಕಂದಕ, ಸೋಲಾರ್ ಬೇಲಿ, ರೈಲು ಹಳಿಯ ತಡೆ ಹಾಕಿದ ಮೇಲೂ ಆನೆ ಹೊಲಕ್ಕೆ ಬರುವುದು ನಿಂತಿಲ್ಲ. ಎಂಟೂವರೆಗೆ ಪ್ರಾರ್ಥನೆ ಮುಗಿಸಿ ಹುಡುಗಿಯರನ್ನು ಮೂರು ಕಿಲೋಮೀಟರ್ ನಡೆಸಿ ಕಳಿಸುವ ಮುಖಂಡ ಎಷ್ಟೇ ಭಕ್ತನಾದರೂ ಹೊಣೆಗೇಡಿ.

ಭಾಷೆಯ ಮಾತೂ ಇದೆ. ಇಲ್ಲಿಯ ಸಭೆಗಳಲ್ಲಿ ಕನ್ನಡ ಮನೆಮಾತಿನವರ ಜೊತೆಗೆ ತಮಿಳು, ಕೊಂಕಣಿ, ಶುಂಠಿ ಬೆಳೆಯಲು ಬಂದ ಮಲಯಾಳಿ ಕುಟುಂಬಗಳೂ ಸಿಗುತ್ತವೆ. ಎರಡನೇ ವ್ಯಾಟಿಕನ್ ಮಹಾಸಭೆಯ ನಂತರ ಬಲಿಪೂಜೆ ಕನ್ನಡಕ್ಕೆ ಬಂತು. ಯುವಕರ ಶಿಬಿರದ ಹಾಡು ಮತ್ತು ಆಟ ಮಾತ್ರ ಹಲವೆಡೆ ಇಂಗ್ಲಿಷಿನಲ್ಲೇ ಉಳಿದಿದೆ. ಸರ್ಕಾರಿ ಶಾಲೆಯ ಹುಡುಗ ಅಲ್ಲಿ ಬಾಯಿ ಮುಚ್ಚಿ ಕೂತರೆ ಅವನಿಗೆ ಆಸಕ್ತಿಯಿಲ್ಲ ಎಂದು ಬರೆಯುವುದು ಅನ್ಯಾಯ.

ಹಾಡಿಯ ಯುವಕರು

ಜೇನುಕುರುಬ, ಬೆಟ್ಟಕುರುಬ, ಯರವ ಸಮುದಾಯಗಳ ಹಾಡಿಗಳು ಹುಣಸೂರು, ಕೋಟೆ, ಪಿರಿಯಾಪಟ್ಟಣ ತಾಲ್ಲೂಕುಗಳಲ್ಲಿ ಹರಡಿವೆ. ಕಾಡಿನಿಂದ ಹೊರಬಿದ್ದ ಕುಟುಂಬಗಳ ಕುರಿತು ಹೈಕೋರ್ಟ್ ನೇಮಿಸಿದ ಪ್ರೊ. ಮುಜಾಫರ್ ಅಸ್ಸಾದಿ ಸಮಿತಿ 2014ರ ವರದಿಯಲ್ಲಿ 3,418 ಕುಟುಂಬಗಳ ಪುನರ್ವಸತಿಯ ಪ್ರಶ್ನೆ ಎತ್ತಿತು. ವೀರನಹೊಸಹಳ್ಳಿ ಬಳಿಯ ನಾಗಾಪುರ ಅಂಥ ಪುನರ್ವಸತಿ ನೆಲೆ. ಬೆಳಕು ಹರಿಯುವ ಮುನ್ನ ಹಾಡಿಯ ಮುಂದೆ ಜೀಪು ಬಂದು ನಿಲ್ಲುತ್ತದೆ. ಹದಿನೇಳರ ಹುಡುಗನೂ ಅವನ ತಾಯಿಯೂ ಒತ್ತೊತ್ತಾಗಿ ಕೂತು ಕೊಡಗಿನ ತೋಟಕ್ಕೆ ಹೋಗುತ್ತಾರೆ. ಹಣ್ಣಿನ ಕೊಯ್ಲು ಬಂದರೆ ವಾರಗಟ್ಟಲೆ ಲೈನ್ ಮನೆಯಲ್ಲೇ ವಾಸ.

ಇಂಥಲ್ಲಿ ಕ್ರೈಸ್ತ ಯುವಕರು ಸೇವೆಗೆ ಹೋದಾಗ ಎಚ್ಚರ ಹೆಚ್ಚು ಬೇಕು. ಪಾಠ ಹೇಳುವುದು, ಆಸ್ಪತ್ರೆಗೆ ಜೊತೆ ಹೋಗುವುದು, ಪಡಿತರ ಮತ್ತು ಜಾತಿ ಪ್ರಮಾಣಪತ್ರದ ಅರ್ಜಿ ಬರೆದುಕೊಡುವುದು ಯಾವ ಷರತ್ತೂ ಇಲ್ಲದೆ ನಡೆಯಬೇಕು. ಸಹಾಯವನ್ನು ಪ್ರಾರ್ಥನೆಗೆ ಕರೆಯುವ ಆಮಿಷವಾಗಿ ಮಾಡಿದರೆ ಅದು ಸುವಾರ್ತೆಗೂ ದ್ರೋಹ, ಹಾಡಿಯವರ ಮಾನಕ್ಕೂ ದ್ರೋಹ. ಕೋಟೆ ತಾಲ್ಲೂಕಿನ ಗಿರಿಜನರ ನಡುವೆ ಆಸ್ಪತ್ರೆ, ಶಾಲೆ ಕಟ್ಟಿದ, 1984ರಲ್ಲಿ ಶುರುವಾದ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಬೇರೊಂದು ಧಾರ್ಮಿಕ ಸ್ಫೂರ್ತಿಯದು. ಯುವಕರ ಉತ್ಸಾಹ ಒಂದು ಸೀಮೆಯಲ್ಲಿ ದಶಕಗಟ್ಟಲೆ ನೆಲೆ ನಿಂತರೆ ಏನಾಗಬಹುದು ಎಂದು ಕಲಿಯಲು ಚರ್ಚಿನ ಮುಖಂಡರು ದೂರ ಹೋಗಬೇಕಿಲ್ಲ.

ತೂಗುವ ಬಗೆ

ಹಾಕಿದ್ದು, ನಡೆದದ್ದು, ಉಳಿದದ್ದು ಎಂದು ಮೂರು ಲೆಕ್ಕ ಬೇರೆ ಬೇರೆ ಬರೆಯುವುದು ಉಪಯುಕ್ತ. ಹಣ, ಹೊತ್ತು, ಜನ ಹಾಕಿದ್ದು; ಶಿಬಿರ, ಕೂಟ, ಭೇಟಿ ನಡೆದದ್ದು. ವರದಿಗಳು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲುತ್ತವೆ, ಜೊತೆಗೊಂದು ಗುಂಪು ಫೋಟೋ. ಉಳಿದದ್ದನ್ನು ನೋಡಲು ಎರಡು ಮೂರು ವರ್ಷ ಕಾಯಬೇಕು. ದೃಢೀಕರಣ ಪಡೆದ ಹುಡುಗ ಮರುವರ್ಷವೂ ಪರಮಪ್ರಸಾದಕ್ಕೆ ಬರುತ್ತಾನೆಯೇ? ಬೆಂಗಳೂರಿನ ಗಾರ್ಮೆಂಟ್ಸ್ ಸೇರಿದ ಹುಡುಗಿಗೆ ಅಲ್ಲೊಂದು ಸಭೆ ಸಿಕ್ಕಿತೇ? ಕುಡಿಯುವ ತಂದೆಯ ಮನೆಯಲ್ಲಿ ಬೆಳೆದವನು ತಾನು ಕುಡಿಯದೆ ಉಳಿದನೇ? ಪಕ್ಕದ ಬೀದಿಯ ದಲಿತ ಗೆಳೆಯನ ಮನೆಯಲ್ಲಿ ಊಟ ಮಾಡುತ್ತಾನೆಯೇ? ಚರ್ಚಿನೊಳಗೂ ಜಾತಿ ನುಸುಳಿರುವ ನಾಡಿನಲ್ಲಿ ಕೊನೆಯ ಪ್ರಶ್ನೆಯನ್ನು ಬಿಟ್ಟ ಮೌಲ್ಯಮಾಪನ ಪ್ರಾಮಾಣಿಕವಲ್ಲ.

ಅಮೆರಿಕದಲ್ಲಿ ಸಮಾಜಶಾಸ್ತ್ರಜ್ಞ ಕ್ರಿಶ್ಚಿಯನ್ ಸ್ಮಿತ್ ಮತ್ತು ಸಂಗಡಿಗರು 2001ರಿಂದ ಹದಿಹರೆಯದವರ ಧರ್ಮಜೀವನದ ದೊಡ್ಡ ಅಧ್ಯಯನ ನಡೆಸಿ, 2005ರಲ್ಲಿ ಅದರ ಮೊದಲ ಫಲಿತಾಂಶಗಳನ್ನು ಪುಸ್ತಕವಾಗಿ ತಂದರು. ತಾವು ಏನನ್ನು ನಂಬುತ್ತೇವೆಂದು ಮಾತಿನಲ್ಲಿ ಹೇಳಲು ಬಹುತೇಕ ಮಕ್ಕಳಿಗೆ ಬರುವುದಿಲ್ಲ, ಮಕ್ಕಳ ನಂಬಿಕೆಯನ್ನು ಹೆಚ್ಚು ರೂಪಿಸುವವರು ತಂದೆತಾಯಿಗಳೇ ಎಂಬುದು ಅಲ್ಲಿ ಕಂಡ ಸಂಗತಿ. ಎರಡನೆಯ ಮಾತು ನಮ್ಮಲ್ಲೂ ನಿಜ. ಮನೆಯ ಜಪಸರ ನಿಂತುಹೋದ ಮೇಲೆ ಭಾನುವಾರದ ಒಂದು ಗಂಟೆ ಅದರ ಜಾಗ ತುಂಬಲಾರದು. ಹಾಗಾಗಿ ತೂಗುವ ಸಭೆಗೆ ತಾಯಂದಿರನ್ನೂ ಕೂರಿಸಬೇಕು.

ಎಲ್ಲಕ್ಕಿಂತ ಕಷ್ಟದ್ದು, ಬಿಟ್ಟುಹೋದವರ ಮಾತು ಕೇಳುವುದು. ಬರುತ್ತಿರುವವರಿಗೆ ಪ್ರಶ್ನಾವಳಿ ಕೊಟ್ಟರೆ ಚೆನ್ನಾಗಿದೆ ಎಂದೇ ಬರೆಯುತ್ತಾರೆ, ಅಣ್ಣನ ಮುಖ ನೋಡಿ. ಬಿಟ್ಟವರ ಮನೆಗೆ ಮುಖಂಡನಲ್ಲದ ಬೇರೊಬ್ಬರು, ಪಕ್ಕದ ಧರ್ಮಕೇಂದ್ರದ ಸಿಸ್ಟರ್ ಅಥವಾ ಹಿರಿಯ ಉಪದೇಶಿ, ಹೋಗಿ ಕೇಳಿದರೆ ನಿಜ ಹೊರಬರುತ್ತದೆ. ಯಾರೋ ಬಟ್ಟೆ ನೋಡಿ ನಕ್ಕಿದ್ದು, ಶಿಬಿರದ ಶುಲ್ಕಕ್ಕೆ ಇನ್ನೂರು ರೂಪಾಯಿ ಹೊಂದಿಸಲಾಗದೆ ಹೇಳಿಕೊಳ್ಳಲು ನಾಚಿದ್ದು, ಕೇಳಿದ ಸಂದೇಹಕ್ಕೆ ಗದರಿಸಿ ಕೂರಿಸಿದ್ದು. ಈ ಮೂರಕ್ಕೂ ಪರಿಹಾರವಿದೆ. ಯಾರೂ ಕೇಳದಿದ್ದರೆ ಮಾತ್ರ ಅವು ಹಾಗೇ ಉಳಿಯುತ್ತವೆ.

ಮದುವೆಯಾಗಿ ಹೋದ ಹೆಣ್ಣುಮಕ್ಕಳದು ಇನ್ನೊಂದು ಮರೆತ ಲೆಕ್ಕ. ಹತ್ತು ವರ್ಷ ಭಾನುವಾರ ಶಾಲೆ ನಡೆಸಿದವಳು ಗಂಡನ ಊರಿಗೆ ಹೋದೊಡನೆ ಕೂಟ ಒಬ್ಬ ಒಳ್ಳೆಯ ಮುಖಂಡಳನ್ನು ಕಳೆದುಕೊಂಡಿತು ಎಂದು ಬರೆಯುತ್ತಾರೆ. ಅಲ್ಲಿಯ ಗುರುಗಳಿಗೆ ಇಲ್ಲಿಂದ ಒಂದು ಪತ್ರ ಹೋದರೆ ಆ ಊರಿನ ಮಕ್ಕಳಿಗೆ ಒಬ್ಬ ಅಕ್ಕ ಸಿಗುತ್ತಾಳೆ.

ರಕ್ಷಣೆ ಮತ್ತು ಕಾನೂನು

ಮಕ್ಕಳ ಸುರಕ್ಷತೆಯಲ್ಲಿ ಸೋತ ಸೇವೆಗೆ ಬೇರಾವ ಅಂಕವೂ ಸಲ್ಲದು. 2012ರ ಪೋಕ್ಸೋ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ 18 ವರ್ಷದೊಳಗಿನವರ ಮೇಲೆ ಲೈಂಗಿಕ ಅಪರಾಧ ನಡೆದಿದೆಯೆಂದು ತಿಳಿದ ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು; ಮುಚ್ಚಿಟ್ಟರೆ ಅದೂ ಶಿಕ್ಷಾರ್ಹ. ಸಭೆಯ ಮರ್ಯಾದೆಯ ಹೆಸರಿನಲ್ಲಿ ಒಳಗೊಳಗೇ ಪಂಚಾಯಿತಿ ಮಾಡುವ ಅಧಿಕಾರ ಅಯ್ಯನವರಿಗೂ ಇಲ್ಲ, ಫಾದರಿಗೂ ಇಲ್ಲ. ಶಿಬಿರದಲ್ಲಿ ಹೆಣ್ಣುಮಕ್ಕಳ ಜೊತೆ ಹೆಂಗಸರೇ ಮಲಗುವುದು, ದೊಡ್ಡವರು ಮಗುವಿನೊಡನೆ ಬಾಗಿಲು ಹಾಕಿದ ಕೋಣೆಯಲ್ಲಿ ಒಂಟಿಯಾಗಿ ಇರದಿರುವುದು, ತಂದೆತಾಯಿಯ ಲಿಖಿತ ಒಪ್ಪಿಗೆ, ಮಕ್ಕಳ ಸಹಾಯವಾಣಿ 1098 ಎಲ್ಲರ ಕಣ್ಣಿಗೆ ಬೀಳುವಂತೆ ಗೋಡೆಯ ಮೇಲಿರುವುದು, ಇವನ್ನು ಪ್ರತಿ ಶಿಬಿರಕ್ಕೂ ಮುಂಚೆ ಪರಿಶೀಲಿಸಬೇಕು.

ಸಂವಿಧಾನದ 25ನೇ ವಿಧಿ ಧರ್ಮವನ್ನು ಆಚರಿಸುವ, ಪ್ರಚಾರ ಮಾಡುವ ಹಕ್ಕು ಕೊಡುತ್ತದೆ. ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಯಲ್ಲಿ ಧಾರ್ಮಿಕ ಬೋಧನೆಗೆ ಕೂರಲು, ಅಪ್ರಾಪ್ತರಾದರೆ ಪೋಷಕರ ಒಪ್ಪಿಗೆ ಬೇಕೆಂದು 28ನೇ ವಿಧಿ ಹೇಳುತ್ತದೆ. ಕರ್ನಾಟಕದಲ್ಲಿ 2022ರಲ್ಲಿ ಮತಾಂತರ ನಿಯಂತ್ರಣ ಕಾಯ್ದೆ ಬಂತು. ಅದನ್ನು ಹಿಂಪಡೆಯಲು ರಾಜ್ಯ ಸಚಿವ ಸಂಪುಟ 2023ರ ಜೂನಿನಲ್ಲಿ ತೀರ್ಮಾನಿಸಿತು. ಕಾನೂನು ಯಾವುದಿದ್ದರೂ, ಬೇರೆ ಧರ್ಮದ ಮನೆಯ ಮಗು ಆಟಕ್ಕೆ, ಪಾಠಕ್ಕೆ ಬಂದಾಗ ಆ ಮನೆಯವರಿಗೆ ತಿಳಿಸಿಯೇ ಮುಂದುವರಿಯುವುದು ನೆರೆಹೊರೆಯ ಧರ್ಮ.

ವಾರ್ಷಿಕ ಅವಲೋಕನ

ವರ್ಷಕ್ಕೊಮ್ಮೆ ಕೂತು ತೂಗಲು ಈ ಸೀಮೆಯಲ್ಲಿ ಒದಗುವ ಹೊತ್ತು ಕ್ರಿಸ್‌ಮಸ್ಸಿಗೂ ಹೊಸ ವರ್ಷಕ್ಕೂ ನಡುವಿನ ವಾರ. ಮಾರ್ಚ್‌ನಲ್ಲಿ ಪರೀಕ್ಷೆ, ಮಳೆಗಾಲದಲ್ಲಿ ಬ್ಯಾರನ್. ಡಿಸೆಂಬರ್ ಹೊತ್ತಿಗೆ ಹೊಗೆಸೊಪ್ಪು ಹರಾಜು ಕಟ್ಟೆಗೆ ಹೋಗುತ್ತಿರುತ್ತದೆ, ಬೆಂಗಳೂರಿಗೆ ಹೋದವರು ರಜೆಗೆ ಬಂದಿರುತ್ತಾರೆ, ಕಾಫಿ ತೋಟದವರೂ ಹಬ್ಬಕ್ಕೆಂದು ಒಂದೆರಡು ದಿನ ಬರುತ್ತಾರೆ. ಗೋದಲಿ ಇನ್ನೂ ಬಿಚ್ಚಿರುವುದಿಲ್ಲ. ಅದರ ಪಕ್ಕದಲ್ಲೇ ಚಾಪೆ ಹಾಸಿ, ಜಮಾಖರ್ಚು ಓದಿ, ಹಾಜರಿ ಪುಸ್ತಕದ ಹೆಸರುಗಳನ್ನು ಒಂದೊಂದಾಗಿ ಗಟ್ಟಿಯಾಗಿ ಕರೆಯುತ್ತಾರೆ. ಉತ್ತರ ಬಾರದ ಹೆಸರಿನ ಮುಂದೆ ಗೈರು ಎಂದು ಬರೆಯುವುದಿಲ್ಲ. ಅವರು ಈಗ ಎಲ್ಲಿದ್ದಾರೆ, ಜನವರಿಯಲ್ಲಿ ಅವರನ್ನು ನೋಡಲು ಯಾರು ಹೋಗುತ್ತಾರೆ ಎಂದು ಬರೆಯುತ್ತಾರೆ.